ಅಕ್ಕನ ಬಣ್ಣಕ್ಕೆ ಇಟ್ಟ ಹೆಸರುಗಳು

ಸವಣೂರಿನ ಹೈಸ್ಕೂಲೊಂದರಲ್ಲಿ ನಾನು ಕನ್ನಡ ಕಲಿಸುತ್ತೇನೆ. ಸಮಾನಾರ್ಥಕ ಪದಗಳ ಪಾಠ ಬಂದಾಗ ‘ಕಪ್ಪು’ ಬಂದೇ ಬರುತ್ತದೆ. ಕರಿ, ಕಾಳ, ಕೃಷ್ಣ, ಶ್ಯಾಮ, ಅಸಿತ ಎಂದು ಕರಿಹಲಗೆಯ ಮೇಲೆ ಬರೆಯುತ್ತೇನೆ; ಮಕ್ಕಳು ತಲೆ ಬಗ್ಗಿಸಿ ಇಳಿಸಿಕೊಳ್ಳುತ್ತಾರೆ. ಪರೀಕ್ಷೆಗೆ ಅಷ್ಟು ಸಾಕು. ನನಗೆ ಅದಕ್ಕಿಂತ ಹೆಚ್ಚು ಪದಗಳು ಗೊತ್ತಿವೆ. ಅವು ಯಾವ ನಿಘಂಟಿನಲ್ಲೂ ಒಂದೇ ಕಡೆ ಸಿಗುವುದಿಲ್ಲ. ಅವುಗಳನ್ನು ಒಟ್ಟುಗೂಡಿಸಿದ್ದು ಶಿಗ್ಗಾಂವಿಯ ನಮ್ಮ ಮನೆ, ಅದೂ ನನ್ನ ಅಕ್ಕ ಒಬ್ಬಳ ಸಲುವಾಗಿ. ಅಕ್ಕ ತೀರಿಕೊಂಡು ಈಗ ಎರಡು ವರ್ಷವಾಗುತ್ತ ಬಂತು.

ಅಪ್ಪನದು ಮಾರ್ಕೆಟ್ ಯಾರ್ಡಿನಲ್ಲಿ ಅಡತಿ ಅಂಗಡಿ. ರೈತರು ತಂದ ಗೋವಿನಜೋಳ, ಹೆಸರು, ಶೇಂಗಾ ಮಾರಿಸಿಕೊಡುವ ವ್ಯಾಪಾರ. ಅಪ್ಪ ಕಪ್ಪು, ಸಂಜೆ ಮನೆಗೆ ಬಂದಾಗ ಮೈಮೇಲೆ ಕೂತ ಕಾಳಿನ ಧೂಳು ಬಾಗಿಲಿನಿಂದಲೇ ಎದ್ದು ಕಾಣುತ್ತಿತ್ತು. ಅವ್ವ ಹಿರೇಬೆಂಡಿಗೇರಿಯವಳು, ಬಿಳಿ. ನಾನು ಅವ್ವನಂತೆ, ಅಕ್ಕ ಅಪ್ಪನಂತೆ. ಅಪ್ಪನ ಬಣ್ಣದ ಬಗ್ಗೆ ಯಾರಾದರೂ ಒಂದು ಮಾತು ಆಡಿದ್ದನ್ನು ನಾನು ಹುಟ್ಟಿದಾಗಿನಿಂದ ಕೇಳಿಲ್ಲ. ಗಂಡಸಿನ ಬಣ್ಣವೆಂದರೆ ಅವನ ಅಂಗಡಿಯ ಗೋಡೆಯ ಬಣ್ಣ. ಗಿರಾಕಿಗೆ ಅದರಿಂದ ಆಗಬೇಕಾದ್ದೇನೂ ಇರುವುದಿಲ್ಲ.

ಹಾಗೆ ನೋಡಿದರೆ ನಮ್ಮ ಕಡೆ ಕರಿ ಕೆಟ್ಟ ಮಾತೇನಲ್ಲ. ಎರಿ ಹೊಲವಿದ್ದವರು ಆ ಕರಿ ಮಣ್ಣನ್ನು ಮುಷ್ಟಿಯಲ್ಲಿ ಹಿಡಿದು ಬೀಗರಿಗೆ ತೋರಿಸುತ್ತಾರೆ. ಕರಿಯಪ್ಪ, ಕರಿಬಸಪ್ಪ, ಕರೆವ್ವ ಎಂದು ಮಕ್ಕಳಿಗೆ ಹೆಸರಿಡುತ್ತಾರೆ. ಕರಿಮಣಿ ಇಲ್ಲದಿದ್ದರೆ ಮುತ್ತೈದೆಯ ಕೊರಳು ಬರಿದು. ಆಯಿ, ಅಂದರೆ ಅಪ್ಪನ ತಾಯಿ, ಹಬ್ಬಕ್ಕೆ ಪೆಟ್ಟಿಗೆಯಿಂದ ತೆಗೆದು ಉಡುತ್ತಿದ್ದದ್ದು ಕಪ್ಪು ಒಡಲಿನ ಚಂದ್ರಕಾಳಿ ಸೀರೆ. ಅದರ ಮುಂದೆ ಉಳಿದವರ ಸೀರೆಗಳೆಲ್ಲ ಸಪ್ಪೆ. ಕೂಸಿಗೆ ದೃಷ್ಟಿಯಾಗದಿರಲಿ ಎಂದು ಗಲ್ಲಕ್ಕೆ ಇಡುವುದು ಕಾಡಿಗೆ. ಇನ್ನೊಂದು ಮಗ್ಗಲೂ ಉಂಟು, ಇಲ್ಲವೆನ್ನುವುದಿಲ್ಲ. ಹಬ್ಬದ ಮರುದಿನ ಕರಿ. ಅವತ್ತು ಊರು ಬಿಡಬಾರದು, ಹೊಸ ಕೆಲಸ ಹಿಡಿಯಬಾರದು. ಸೋತವನ ಮುಖ ಕಪ್ಪಿಡುತ್ತದೆ, ಮಾನಗೆಟ್ಟವನ ಮುಖಕ್ಕೆ ಮಸಿ ಬಳಿಯುತ್ತಾರೆ. ಮಣ್ಣಿಗೆ, ಎಮ್ಮೆಗೆ, ಕಂಬಳಿಗೆ, ದೇವರಿಗೆ ಧಾರಾಳವಾಗಿ ಸಲ್ಲುವ ಆ ಪದ ಮದುವೆಯ ವಯಸ್ಸಿಗೆ ಬಂದ ಹುಡುಗಿಯ ಹತ್ತಿರ ಬಂದಾಗ ಮಾತ್ರ ಎಲ್ಲರ ನಾಲಿಗೆಯೂ ತಡವರಿಸುತ್ತಿತ್ತು.

ಚಿಕ್ಕವಳಿದ್ದಾಗ ಅಕ್ಕನನ್ನು ಆಯಿ ‘ಕರಿ ಕೂಸ’ ಎಂದೇ ಕರೆಯುತ್ತಿದ್ದಳು. ‘ಬಾ ನನ್ನ ಕರಿ ಕೂಸ’ ಎಂದರೆ ಅಕ್ಕ ಎಲ್ಲಿದ್ದರೂ ಓಡಿ ಬಂದು ತೊಡೆಯೇರಿ ಕೂರುತ್ತಿದ್ದಳು, ನನಗೆ ಹೊಟ್ಟೆಕಿಚ್ಚಾಗುತ್ತಿತ್ತು. ಅಕ್ಕನ ಡಿಗ್ರಿ ಮುಗಿದ ವರ್ಷ ಆಯಿ ಹಾಗೆ ಕರೆಯುವುದನ್ನು ನಿಲ್ಲಿಸಿದಳು. ಯಾರೂ ಅವಳಿಗೆ ಹೇಳಿದ್ದಲ್ಲ. ಮನೆಗೆ ವರನ ಕಡೆಯವರು ಬರತೊಡಗಿದ್ದರು.

ಸಂಬಂಧ ಹಚ್ಚಲು ಬರುತ್ತಿದ್ದವರು ನಮಗೆ ದೂರದ ನೆಂಟರಾದ ಒಬ್ಬ ಮುದುಕರು. ಬಿಳಿ ಧೋತರ, ಬಗಲಲ್ಲಿ ಚೀಲ, ಬಾಯಲ್ಲಿ ಸದಾ ಎಲೆ. ಅವ್ವ ಕೊಟ್ಟ ಚಹಾ ಕುಡಿದು ಮೊದಲ ದಿನವೇ ಕೇಳಿದರು.

‘ಬಣ್ಣ ಏನಂತ ಹೇಳ್ಲಿ ತಂಗಿ?’

‘ಗೋದಿ ಬಣ್ಣ ಅನ್ರಿ’ ಎಂದಳು ಅವ್ವ.

‘ಗೋದಿ ಅಂತ ಹೇಳಿ, ಅವರು ಬಂದು ನೋಡಿದ್ರ ನನ್ನ ಮಾತಿಗೆ ಕಿಮ್ಮತ್ತ ಉಳಿಯಂಗಿಲ್ಲ. ಎಣ್ಣಿಗೆಂಪ ಅನ್ನೂಣು.’

ಅಕ್ಕ ಅಡಿಗೆಮನೆಯಲ್ಲೇ ಇದ್ದಳು. ಅವಳ ಮೈಯಲ್ಲಿ ಕೆಂಪು ಎಲ್ಲಿತ್ತೋ ಆ ಮುದುಕರಿಗೇ ಗೊತ್ತು. ಅವತ್ತು ನಾವಿಬ್ಬರೂ ಬಾಯಿಗೆ ಸೆರಗು, ದುಪ್ಪಟ್ಟಾ ಒತ್ತಿಕೊಂಡು ನಕ್ಕೆವು. ಮುಂದಿನ ಎರಡು ವರ್ಷ ಆ ಮುದುಕರು ನಮಗೆ ಕನ್ನಡದ ಸಂಪತ್ತನ್ನೆಲ್ಲ ತೋರಿಸಿಕೊಟ್ಟರು. ಹಾನಗಲ್ಲಿನವರಿಗೆ ಎಣ್ಣೆಗೆಂಪು. ಸವಣೂರಿನವರಿಗೆ ಸಾದಗಪ್ಪು. ಓದಿದ ಮನೆತನವಾದರೆ ಶ್ಯಾಮಲ ವರ್ಣ, ಪೂಜೆ ಪುನಸ್ಕಾರ ಹೆಚ್ಚಿರುವ ಮನೆಯಾದರೆ ಕೃಷ್ಣವರ್ಣ. ಯಾವುದೂ ನಡೆಯದಿದ್ದರೆ ‘ಬಣ್ಣ ಸ್ವಲ್ಪ ಕಮ್ಮಿ, ಆದ್ರ ಮುಖದಾಗ ಕಳಾ ಐತಿ’. ಅಕ್ಕನ ಬಣ್ಣ ಕಮ್ಮಿ ಇರಲಿಲ್ಲ, ಬೇಕಾದಷ್ಟಿತ್ತು. ಅವ್ವ ತನ್ನದೂ ಒಂದು ಸೇರಿಸಿದ್ದಳು: ‘ಕಾಲೇಜಿಗೆ ಬಿಸಲಾಗ ಅಡ್ಡಾಡಿ ಸ್ವಲ್ಪ ಕಂದ್ಯಾಳರಿ.’ ಮೈಗೆ ಹತ್ತಿದ ಬಿಸಿಲು ಇಳಿದು ಅಕ್ಕ ಯಾವತ್ತೋ ಒಂದು ದಿನ ಬೆಳ್ಳಗಾಗಲಿದ್ದಾಳೆ ಎಂಬ ಹಾಗೆ.

ಬಂದವರು ಉಪ್ಪಿಟ್ಟು ಶಿರಾ ತಿಂದು ಹೋಗುತ್ತಿದ್ದರು. ಒಲ್ಲೆ ಎನ್ನಲು ಅವರ ಹತ್ತಿರವೂ ಪದಗಳಿದ್ದವು. ಎತ್ತರ ಹೊಂದುವುದಿಲ್ಲ, ಜಾತಕದ ಗುಣ ಕೂಡಲಿಲ್ಲ, ಹಿರಿಯರು ಇನ್ನೊಂದು ವರ್ಷ ತಡೆಯೋಣ ಎನ್ನುತ್ತಾರೆ. ಕರಿ ಎಂಬ ಪದ ಒಬ್ಬರ ಬಾಯಿಂದಲೂ ಬರಲಿಲ್ಲ. ಅಕ್ಕನ ಕಿವಿ ಅದೊಂದನ್ನೇ ಕಾಯುತ್ತಿತ್ತು ಎಂದು ನನಗೆ ಆಗ ಹೊಳೆಯಲಿಲ್ಲ.

ನೋಡಲು ಬರುವ ದಿನ ನನ್ನನ್ನು ಹಿರೇಬೆಂಡಿಗೇರಿಗೆ, ಮಾವನ ಮನೆಗೆ ಕಳಿಸುವುದು ನಮ್ಮ ಮನೆಯ ಪದ್ಧತಿಯಾಗಿತ್ತು. ಮದುವೆಯಾಗದ ಬಿಳಿ ತಂಗಿ ಕಣ್ಣಿಗೆ ಬಿದ್ದರೆ ಅಕ್ಕನ ಕಡೆ ಯಾರು ನೋಡುತ್ತಾರೆ ಎಂಬುದು ಲೆಕ್ಕ. ಯಾರೂ ಇದನ್ನು ಬಾಯಿಬಿಟ್ಟು ಹೇಳುತ್ತಿರಲಿಲ್ಲ. ‘ಮಾವ ಕರದಾನ, ಹೋಗಿ ಬಾ’ ಎನ್ನುತ್ತಿದ್ದರು. ಮಾವನ ಮನೆಯವರು ‘ಇವತ್ತ ಯಾವ ಊರಾವ್ರು?’ ಎಂದು ಕೇಳುತ್ತಿದ್ದರು. ನನಗೆ ಸಿಟ್ಟು ಬರುತ್ತಿತ್ತು, ಯಾರ ಮೇಲೆ ಎಂದು ತಿಳಿಯದೆ ಮಾವನ ಮಕ್ಕಳ ಮೇಲೆ ತೀರಿಸಿಕೊಳ್ಳುತ್ತಿದ್ದೆ.

ಚಿಕ್ಕೇರೂರಿನವರು ಹೇಳಿದ್ದಕ್ಕಿಂತ ಒಂದು ದಿನ ಮುಂಚೆ ಬಂದುಬಿಟ್ಟರು. ಬೇರೆ ಕೆಲಸಕ್ಕೆ ಶಿಗ್ಗಾಂವಿಗೆ ಬಂದಿದ್ದರಂತೆ, ಹಾಗೇ ನೋಡಿಕೊಂಡು ಹೋಗೋಣವೆಂದು. ಬಾಗಿಲು ತೆಗೆದದ್ದು ನಾನು. ವರನ ಅಜ್ಜಿ ನನ್ನ ಗದ್ದ ಹಿಡಿದು ‘ಇಕಿನ ಅಲ್ಲೇನ್ರಿ ಹುಡುಗಿ’ ಎಂದು ಖುಷಿಪಟ್ಟಳು. ಅವ್ವ ನನ್ನನ್ನು ಒಳಗೆ ದೂಡಿದಳು. ಆಮೇಲೆ ಅಕ್ಕ ಸೀರೆ ಉಟ್ಟು ತಟ್ಟೆ ಹಿಡಿದು ಬಂದಳು. ಆ ಅಜ್ಜಿ ಒಂದು ಸಲ ನೋಡಿ, ದನಿ ಕೂಡ ತಗ್ಗಿಸದೆ ಅವ್ವನಿಗೆ ಹೇಳಿದಳು.

‘ಸಣ್ಣಾಕಿನ್ನ ಕೊಡೂದಾದ್ರ ನಾವು ಇವತ್ತ ಹೂಂ ಅಂತೇವಿ ನೋಡ್ರಿ.’

ಅಕ್ಕ ತಟ್ಟೆಯನ್ನು ಟೀಪಾಯಿಯ ಮೇಲಿಟ್ಟಳು. ‘ಚಾ ತರ್ಲೇನ್ರಿ, ಹಾಲ ಕುಡೀತೀರಿ?’ ಎಂದು ಕೇಳಿದಳು. ಆ ಮನೆಯಲ್ಲಿ ಅವತ್ತು ಮರ್ಯಾದೆಯಿಂದ ನಡೆದುಕೊಂಡವಳು ಅವಳೊಬ್ಬಳೇ. ಅಪ್ಪ, ದೊಡ್ಡಾಕಿಯದಾಗದೆ ಸಣ್ಣಾಕಿಯ ಮಾತು ಎತ್ತುವುದಿಲ್ಲ ಎಂದು ಹೇಳಿ ಅವರನ್ನು ಸಾಗಹಾಕಿದ. ಅಲ್ಲಿಗೆ ಮುಗಿಯಬೇಕಿತ್ತು. ಆಯಿ ಮುಗಿಸಲಿಲ್ಲ. ಬಾಗಿಲು ಹಾಕಿದ ಮೇಲೆ ಗೋಡೆಗೊರಗಿ ಕೂತು, ಅಕ್ಕನಿಗೆ ಕೇಳುವ ಹಾಗೆ, ‘ಇಕಿದ ಆಗೂತನ ಸಣ್ಣಾಕಿದೂ ನಿಂತಂಗ. ಏನ ಮಾಡೂದು, ಹಣಿಬರ’ ಎಂದಳು. ಕರಿ ಕೂಸ ಎಂದು ತೊಡೆಗೇರಿಸಿಕೊಂಡ ಅದೇ ಆಯಿ.

ಆ ವಾರವೇ ಅಕ್ಕ ಬಸ್‌ಸ್ಟ್ಯಾಂಡ್ ಕಡೆಯ ಬ್ಯೂಟಿ ಪಾರ್ಲರಿಗೆ ಹೋಗಿ ಒಂದು ಡಬ್ಬಿ ತಂದಳು. ಮೇಲೆ ಕಂಪನಿಯ ಹೆಸರಿಲ್ಲ, ಏನು ಹಾಕಿದ್ದಾರೆಂಬ ಚೀಟಿಯಿಲ್ಲ; ಸಣ್ಣ ಬಿಳಿ ಡಬ್ಬಿ, ಹಳದಿ ಮುಚ್ಚಳ. ಮುಂಬೈಯಿಂದ ಬರುತ್ತದೆ ಎಂದು ಪಾರ್ಲರಿನವಳು ಹೇಳಿದ್ದಳಂತೆ. ನಾನು ಆಗ ಬಿ.ಎಡ್. ಓದಲು ಧಾರವಾಡಕ್ಕೆ ಹೋದೆ. ದೀಪಾವಳಿಗೆ ಮನೆಗೆ ಬಂದರೆ ಬಾಗಿಲಲ್ಲಿ ನಿಂತವಳು ಬೇರೆಯೇ ಹುಡುಗಿ. ಕೆನ್ನೆ, ಹಣೆ, ಕುತ್ತಿಗೆ ಎಲ್ಲ ತಿಳಿಯಾಗಿ, ಕಿವಿಯ ಹಿಂದೆ ಮಾತ್ರ ಹಳೆಯ ಅಕ್ಕ ಒಂದಿಷ್ಟು ಉಳಿದಿದ್ದಳು.

ಮನೆಯ ಮಾತೆಲ್ಲ ಬದಲಾಗಿತ್ತು. ಶ್ಯಾಮಲ, ಸಾದಗಪ್ಪು, ಎಣ್ಣೆಗೆಂಪುಗಳನ್ನು ಯಾರೋ ಕಸದ ಜೊತೆ ಗುಡಿಸಿ ಹೊರಗೆ ಹಾಕಿದ್ದರು. ‘ತಿಳಿ ಆಗ್ಯಾಳ.’ ‘ಬಣ್ಣ ಬಿಟ್ಟಾಳ.’ ‘ಹಾಲಿನಂಗ ಆಗೇತಿ ನೋಡ ಮುಖ.’ ಅವ್ವ ಅಡಿಗೆ ಮಾಡುತ್ತ ಸಣ್ಣಗೆ ಹಾಡಿಕೊಳ್ಳುತ್ತಿದ್ದಳು. ಓಣಿಯ ಹೆಂಗಸರು ನೆವ ಮಾಡಿಕೊಂಡು ಬಂದು ಅಕ್ಕನನ್ನು ನೋಡಿ, ಏನು ಹಚ್ಚುತ್ತಾಳೆಂದು ಕೇಳುತ್ತಿದ್ದರು. ಕಡಲೆಹಿಟ್ಟು ಮತ್ತು ಕೆನೆ ಎಂದು ಅವ್ವ ಹೇಳುತ್ತಿದ್ದಳು. ಅಕ್ಕನ ಮುಖಕ್ಕೆ ಇಷ್ಟೆಲ್ಲ ಕಳೆ ಬಂದದ್ದನ್ನು ಕಂಡು ನನಗೂ ಸಂತೋಷವಾಗಬೇಕಿತ್ತು. ಆಗಲಿಲ್ಲ. ಅಪ್ಪನ ಮುಖ ಮನೆಯಿಂದ ಹೊರಟುಹೋದ ಹಾಗೆ ಅನಿಸಿತು, ಅಪ್ಪ ಅಲ್ಲೇ ಕೂತಿದ್ದರೂ.

ಸಂಕ್ರಮಣದ ಹೊತ್ತಿಗೆ ಅಕ್ಕನ ಮುಖ ತುಂಬಿಕೊಂಡಿತ್ತು. ‘ಮೈ ಹಿಡದಾಳ’ ಎಂದಳು ಅವ್ವ. ಸಣಕಲಾಗಿದ್ದ ಹುಡುಗಿ ಮದುವೆಯ ಮುಂಚೆ ಮೈ ಹಿಡಿಯುವುದೆಂದರೆ ನಮ್ಮ ಕಡೆ ದೇವರು ಕಣ್ಣು ತೆರೆದ ಹಾಗೆ. ಅವ್ವ ಕುಪ್ಪಸಗಳ ಹೊಲಿಗೆ ಬಿಚ್ಚಿ ಸಡಿಲ ಮಾಡಿಕೊಟ್ಟಳು. ಬೆಳಿಗ್ಗೆ ಕಣ್ಣಿನ ರೆಪ್ಪೆಗಳು ಊದಿಕೊಂಡಿರುತ್ತಿದ್ದವು. ಚೆನ್ನಾಗಿ ನಿದ್ದೆಯಾಗಿದೆ ಎಂದರು. ಸಂಜೆ ಚಪ್ಪಲಿ ಪಾದಕ್ಕೆ ಬಿಗಿಯಾಗುತ್ತಿತ್ತು, ಹೊಸವು ಕೊಡಿಸಿದರು. ಬೇಗ ದಣಿದು ಗೋಡೆ ಹಿಡಿದು ಕೂರುತ್ತಿದ್ದಳು. ಲಗ್ನದ ಹುಡುಗಿಯ ನಾಚಿಕೆ ಎಂದು ನಕ್ಕರು. ಹಾನಗಲ್ಲಿನ ಬೇರೊಂದು ಮನೆತನ ಬಂದು ನೋಡಿ ಆ ದಿನವೇ ಒಪ್ಪಿಕೊಂಡಿತು. ವರನ ತಾಯಿ ಅಕ್ಕನ ಕೆನ್ನೆ ಸವರಿ ‘ನಮ್ಮ ಮನ್ಯಾಗ ಇಷ್ಟ ಬೆಳ್ಳಗ ಯಾರೂ ಇಲ್ಲರಿ’ ಎಂದಳು. ನಿಶ್ಚಯವಾಯಿತು. ಸಕ್ಕರೆ ಹಂಚಿದರು.

ನಿಶ್ಚಯ ಮುಗಿದ ಮರುದಿನ ಅಕ್ಕ ನನ್ನನ್ನು ಹಿತ್ತಲಿಗೆ ಕರೆದಳು.

‘ಸಣ್ಣಾಕಿ, ಒಂದ ಮಾತ ಕೇಳ್ತೇನಿ, ಅವ್ವಗ ಹೇಳಬ್ಯಾಡ. ಒಂದಕ್ಕ ಹೋದ್ರ ನೊರಿ ನೊರಿ ಬರತೈತಿ. ಸಾಬಾಣದ ನೀರಿನಂಗ. ನಿನಗೂ ಹಂಗ ಆಕ್ಕೈತೇನು?’

ಕುಪ್ಪಸ ಹೊಲಿಯಲು ಕೊಡುವ ನೆವ ಹೇಳಿ ಅವಳನ್ನು ಊರ ಡಾಕ್ಟರ ಹತ್ತಿರ ಕರೆದೊಯ್ದೆ. ಅವರು ಪರೀಕ್ಷೆ ಮಾಡಿಸಿ, ಕಾಗದ ನೋಡಿ, ಹುಬ್ಬಳ್ಳಿಗೆ ಹೋಗಿರಿ ಎಂದರು. ಹುಬ್ಬಳ್ಳಿಯಲ್ಲಿದ್ದವರು ನಡುವಯಸ್ಸಿನ ಒಬ್ಬ ಡಾಕ್ಟರಮ್ಮ. ಅಕ್ಕನ ಕಾಲನ್ನು ಬೆರಳಿಂದ ಒತ್ತಿ ನೋಡಿದರು, ಕಣ್ಣ ರೆಪ್ಪೆ ಎಳೆದು ನೋಡಿದರು. ಆಮೇಲೆ ಕೇಳಿದ್ದು ಒಂದೇ.

‘ಮುಖಕ್ಕ ಏನ ಹಚ್ಚತೀರಿ?’

ಅಕ್ಕ ಕಡಲೆಹಿಟ್ಟು ಎಂದಳು. ನಾನು ಡಬ್ಬಿಯ ಸಂಗತಿ ಹೇಳಿದೆ. ಇಂಥ ಹೆಸರಿಲ್ಲದ ಕ್ರೀಮುಗಳಲ್ಲಿ ಪಾದರಸ ಇರುತ್ತದೆ, ಅದು ಚರ್ಮದಿಂದ ಒಳಗೆ ಇಳಿದು ಕಿಡ್ನಿಯನ್ನು ಕೆಡಿಸುತ್ತದೆ, ಈ ಬಾವು ಈ ಬಿಳಿಚಿಕೆ ಎಲ್ಲ ಅದರಿಂದಲೇ ಎಂದು ಅವರು ನಿಧಾನವಾಗಿ ಬಿಡಿಸಿ ಹೇಳಿದರು. ಇವತ್ತೇ ಬಿಟ್ಟರೆ, ಔಷಧ ತೆಗೆದುಕೊಂಡರೆ, ಬಹಳಮಟ್ಟಿಗೆ ಗುಣವಾಗುತ್ತದೆ ಎಂದೂ ಹೇಳಿದರು. ನನಗೆ ಹೋದ ಜೀವ ಬಂದ ಹಾಗಾಯಿತು.

‘ಬಿಟ್ರ ಬಣ್ಣ ಮೊದಲಿನಂಗ ಆಕ್ಕೈತೇನ್ರಿ?’ ಎಂದು ಅಕ್ಕ ಕೇಳಿದಳು.

‘ಆಗ್ತೈತಿ. ಅದ ನಿಮ್ಮ ಬಣ್ಣ ಅಲ್ಲೇನ್ರಿ?’ ಡಾಕ್ಟರಮ್ಮ ಧೈರ್ಯ ತುಂಬುವ ದನಿಯಲ್ಲಿ ಹೇಳಿದರು. ಅದು ಧೈರ್ಯದ ಮಾತೆಂದು ಅವರು ತಿಳಿದಿದ್ದರು, ಪಾಪ.

ಹೈವೇ ಬಸ್ಸಿನಲ್ಲಿ ವಾಪಸು ಬರುವಾಗ ಅಕ್ಕ ಕಿಟಕಿಯ ಕಡೆ ಮುಖ ಮಾಡಿ ಕೂತಿದ್ದಳು. ಮದುವೆಗೆ ಎರಡು ತಿಂಗಳಿಗಿಂತ ಕಡಿಮೆ ಉಳಿದಿತ್ತು. ಡಬ್ಬಿ ಬಿಟ್ಟರೆ ಅಷ್ಟರೊಳಗೆ ಹಳೆಯ ಬಣ್ಣ ತಿರುಗಿ ಬರುತ್ತದೆ ಎಂಬುದು ಅವಳಿಗೂ ಗೊತ್ತು, ನನಗೂ ಗೊತ್ತು.

ಮನೆಯಲ್ಲಿ ನಾನು ಎಲ್ಲವನ್ನೂ ಹೇಳಿದೆ. ಕೂಗಾಡಿ ಹೇಳಿದೆ. ಅವ್ವ ಮೊದಲು ಅತ್ತಳು, ಆಮೇಲೆ ಕಣ್ಣೊರೆಸಿಕೊಂಡು ವಿಚಾರ ಮಾಡತೊಡಗಿದಳು. ಅವಳು ವಿಚಾರ ಮಾಡತೊಡಗಿದ್ದನ್ನು ಕಂಡೇ ನನಗೆ ಭಯವಾಯಿತು. ‘ಅಕ್ಕಿಕಾಳ ಬೀಳ್ಲಿ. ಬಿದ್ದ ಮ್ಯಾಲ ಬಿಡ್ತಾಳ. ಗುಳಿಗಿ ತಗೋತ ಹಚ್ಚಿಕೊಂಡ್ರ ಎರಡೂ ನಡೀತಾವ’ ಎಂದಳು. ಆಯಿ ಹೌದೆಂದಳು. ನಾನು ಅಪ್ಪನ ಕಡೆ ನೋಡಿದೆ. ಮಾರ್ಕೆಟ್ಟಿನಲ್ಲಿ ನೂರು ಜನರ ನಡುವೆ ದನಿ ಎತ್ತಿ ಮಾತಾಡುವ ಅಪ್ಪ ತನ್ನ ಕೈಗಳನ್ನೇ ನೋಡುತ್ತ ಕೂತಿದ್ದ. ‘ಮಾತ ಕೊಟ್ಟೇವಿ’ ಎಂದಷ್ಟೇ ಹೇಳಿದ. ಯಾರಿಗೆ ಕೊಟ್ಟ ಮಾತು, ಯಾವ ಮಾತು? ನಮ್ಮ ಮಗಳು ಬೆಳ್ಳಗಿದ್ದಾಳೆ ಎಂಬ ಮಾತು. ಅದನ್ನು ಉಳಿಸಿಕೊಳ್ಳಲು ಎಲ್ಲರೂ ನಿಂತರು.

ನಾನು ಡಬ್ಬಿಯನ್ನು ಗಟಾರಕ್ಕೆ ಎಸೆದೆ. ಅಕ್ಕ ಇನ್ನೊಂದು ತಂದಳು. ಅದನ್ನೂ ಹುಡುಕುತ್ತಿದ್ದಾಗ ಅವಳು ಬಂದು ನನ್ನ ಕೈ ಹಿಡಿದಳು. ಬೈಯುತ್ತಾಳೆ ಎಂದುಕೊಂಡೆ. ಮಂಚದ ಮೇಲೆ ಕೂರಿಸಿಕೊಂಡಳು.

‘ನಿನ್ನ ಬಣ್ಣಕ್ಕ ಒಂದ ಹೆಸರೈತಿ. ಬೆಳ್ಳಗ. ಅಂದ್ರ ಮುಗೀತು. ನನ್ನ ಬಣ್ಣಕ್ಕ ಎಷ್ಟ ಹೆಸರ ಇಟ್ರ, ನೀನೂ ಕೇಳಿಯಲ್ಲ?’

‘ಅವರ ಮಾತ ಏನ ತಗೀತಿ ಅಕ್ಕ.’

‘ಕರ್ರಗ ಅದಾಳ ಅಂತ ಒಬ್ಬರರೆ ಒಂದ ಸಲ ಅಂದಿದ್ರ, ಹೌದ ಕರ್ರಗ ಅದೇನಿ, ಏನೀಗ, ಅಂತಿದ್ನಿ. ಬಾಯಾಗ ಬರಲಾರದಷ್ಟ ಹೊಲಸ ಐತೇನು ಅದು? ಸತ್ತವರ ಸುದ್ದಿ ಹೇಳಿದಂಗ ಸುತ್ತಿ ಬಳಸಿ ಹೇಳ್ತಾರ. ನನಗ ಸಾಕಾಗೇತಿ. ಎರಡ ತಿಂಗಳ ನನ್ನ ಸುಮ್ಮನ ಬಿಡು.’

ನಾನು ಅತ್ತುಬಿಟ್ಟೆ. ಅವಳು ಅಳಲಿಲ್ಲ. ಭಾಷೆ ಓದಿಕೊಂಡವಳು ನಾನು, ಅದರ ಪೆಟ್ಟು ತಿಂದವಳು ಅವಳು ಎಂದು ಅವತ್ತು ತಿಳಿಯಿತು. ತಿಳಿದು ಮಾಡಿದ್ದೇನೂ ಇಲ್ಲ; ಕಾಲೇಜಿಗೆ ರಜೆ ಹಾಕಿ ಮನೆಯಲ್ಲೇ ಉಳಿದು, ಹುಬ್ಬಳ್ಳಿಯ ಗುಳಿಗೆಗಳನ್ನು ಹೊತ್ತು ಹೊತ್ತಿಗೆ ನೆನಪು ಮಾಡುತ್ತ ಅವಳ ಹಿಂದೆ ತಿರುಗಿದೆ, ಅವಳು ನುಂಗುತ್ತಿದ್ದಳು, ನುಂಗಿ ಕನ್ನಡಿಯ ಮುಂದೆ ಹೋಗುತ್ತಿದ್ದಳು.

ಮದುವೆಗೆ ಮುಂಚೆ ಬಳೆ ಇಡಿಸುವ ದಿನ ಮನೆ ತುಂಬ ಹೆಂಗಸರು. ಬಳೆಗಾರ್ತಿ ಬುಟ್ಟಿ ಬಿಚ್ಚಿ ಕೂತಳು. ಮೊದಲು ಮದುಮಗಳಿಗೆ ಹಸಿರು ಬಳೆ. ಅಕ್ಕನದು ಸಣ್ಣ ಕೈ, ಓಣಿಯಲ್ಲೆಲ್ಲ ಸಣ್ಣ ಅಳತೆ ಅವಳದೇ. ಅವತ್ತು ಬಳೆಗಾರ್ತಿ ತೆಗೆದ ಅಳತೆ ಯಾವುದೂ ಏರಲಿಲ್ಲ. ದೊಡ್ಡದು, ಅದಕ್ಕಿಂತ ದೊಡ್ಡದು ಎಂದು ತೆಗೆಯುತ್ತ, ಎಣ್ಣೆ ಸವರಿ ಕೈಯನ್ನು ಹಿಚುಕಿ ಹಿಚುಕಿ ಇಡಿಸಿದಳು. ಇಟ್ಟು ಬಿಟ್ಟಾಗ ಅವಳ ಬೆರಳುಗಳು ಒತ್ತಿದ ಕಡೆಯೆಲ್ಲ ಅಕ್ಕನ ಮುಂಗೈಯಲ್ಲಿ ಕುಳಿಗಳು ಉಳಿದವು. ಕಣಕದ ಮುದ್ದೆಯನ್ನು ಒತ್ತಿದ ಹಾಗೆ. ಎಷ್ಟು ಹೊತ್ತಾದರೂ ತುಂಬಿಕೊಳ್ಳಲಿಲ್ಲ. ಒಬ್ಬ ಹೆಂಗಸು ಅದನ್ನು ಮುಟ್ಟಿ ನೋಡಿ ‘ಬೆಣ್ಣಿ ಆಗ್ಯಾಳ ನೋಡ್ರಿ ಹುಡುಗಿ’ ಎಂದಳು. ಎಲ್ಲರೂ ನಕ್ಕರು. ಇನ್ನೊಬ್ಬಳು ತಾನೂ ಒಂದು ಬೆರಳು ಒತ್ತಿ ನೋಡಿದಳು. ಅಕ್ಕ ಕೈ ಚಾಚಿಕೊಂಡು ತಲೆ ತಗ್ಗಿಸಿ ಕೂತಿದ್ದಳು, ಮದುಮಗಳು ಕೂರಬೇಕಾದ ಹಾಗೆ. ನಾನು ಅಡಿಗೆಮನೆಗೆ ಹೋಗಿ ಅವ್ವನ ಭುಜ ಹಿಡಿದು ಅಲುಗಾಡಿಸಿದೆ. ‘ಇವತ್ತ ಅಪಶಕುನ ಮಾತಾಡಬ್ಯಾಡ’ ಎಂದು ನನ್ನ ಕೈ ಬಿಡಿಸಿಕೊಂಡಳು.

ಅಕ್ಕಿಕಾಳು ಬಿದ್ದವು, ಮದುವೆಯಾಯಿತು. ಹಾನಗಲ್ಲಿಗೆ ಹೋದ ಮೇಲೆ ಅಕ್ಕ ಡಬ್ಬಿ ಬಿಡುವುದೆಂದು ಮಾತಾಗಿತ್ತು. ಆದರೆ ಹೊಸ ಸೊಸೆಯನ್ನು ನೋಡಲು ಅಲ್ಲಿನ ಓಣಿಯವರು ಬರುತ್ತಲೇ ಇದ್ದರು. ಅತ್ತೆ ಅವಳನ್ನು ಪಡಸಾಲೆಗೆ ಕರೆದು ಬೆಳಕಿಗೆ ನಿಲ್ಲಿಸಿ ತೋರಿಸುತ್ತಿದ್ದಳಂತೆ. ಆಮೇಲೆ ಶ್ರಾವಣ ಬಂತು, ಮಂಗಳಗೌರಿ ಬಂತು, ನೆಂಟರ ಮನೆಯ ಊಟಗಳು ಬಂದವು. ಬಿಡುವ ದಿನ ಬರಲೇ ಇಲ್ಲ. ನಾನು ಫೋನು ಮಾಡಿದಾಗಲೆಲ್ಲ ‘ಬಿಟ್ಟೇನಿ ಬಿಡು’ ಎನ್ನುತ್ತಿದ್ದಳು. ನಾನು ನಂಬುತ್ತಿರಲಿಲ್ಲ, ಆದರೆ ಹಾನಗಲ್ಲಿನ ಮನೆಯಲ್ಲಿ ಹೋಗಿ ಗಟಾರಕ್ಕೆ ಎಸೆಯಲು ನನಗೆ ಹಕ್ಕಿರಲಿಲ್ಲ.

ದಸರೆಯ ಮುಂಚೆ ಅವಳಿಗೆ ಉಸಿರಾಡಲು ಆಗದೆ ಹುಬ್ಬಳ್ಳಿಗೆ ತಂದು ಹಾಕಿದರು. ಕಿಡ್ನಿಗಳು ಕೈಕೊಟ್ಟಿದ್ದವು. ಅದೇ ಡಾಕ್ಟರಮ್ಮ. ನನ್ನ ಗುರುತು ಹಿಡಿದರು. ರಕ್ತ ತೊಳೆಯುವ ಯಂತ್ರಕ್ಕೆ ಅವಳನ್ನು ಹಚ್ಚಿದರು. ಆಸ್ಪತ್ರೆಯ ಹೊರಸಾಲಿನಲ್ಲಿ ಅಕ್ಕನ ಗಂಡ ನನ್ನ ಪಕ್ಕದ ಕುರ್ಚಿಯಲ್ಲಿ ಕೂತಿದ್ದ. ಸಂಭಾವಿತ ಮನುಷ್ಯ, ಮಾತು ಕಡಿಮೆ. ನೆಲ ನೋಡುತ್ತ ಹೇಳಿದ.

‘ಆಕಿ ಹೆಂಗಿದ್ರೂ ನನಗ ನಡೀತಿತ್ತರಿ. ಯಾರೂ ನನ್ನ ಕೇಳಲಿಲ್ಲ.’

ನಿಜವೋ, ಆ ಹೊತ್ತಿಗೆ ಬಂದ ಮಾತೋ, ಗೊತ್ತಿಲ್ಲ. ಕೇಳದವರಲ್ಲಿ ನಾವೂ ಇದ್ದೆವು.

ಆಸ್ಪತ್ರೆಯಲ್ಲಿ ಡಬ್ಬಿಯಿರಲಿಲ್ಲ. ವಾರ ವಾರಕ್ಕೂ ಅಕ್ಕನ ಬಣ್ಣ ಹಿಂತಿರುಗಿತು. ಹಿಂತಿರುಗಿದ್ದಷ್ಟೇ ಅಲ್ಲ, ಆ ಕಾಯಿಲೆಗೆ ಚರ್ಮ ಇನ್ನೂ ಕಪ್ಪಾಗುತ್ತದಂತೆ, ಹಾಗೆ ಕಪ್ಪಾದಳು. ಊತ ಇಳಿದು ಕೆನ್ನೆಯ ಎಲುಬುಗಳು ಕಂಡವು. ಶಿಗ್ಗಾಂವಿಯಿಂದ ಆಯಿಯನ್ನು ಕರೆತಂದಿದ್ದರು. ಅವಳು ಮಂಚದ ಹತ್ತಿರ ಬಂದು ಮೊಮ್ಮಗಳ ಮುಖ ಸವರಿ ‘ಎಷ್ಟ ಕರ್ರಗ ಆಗಿಯವ್ವಾ’ ಎಂದು ಗೋಳೋ ಎಂದು ಅತ್ತಳು. ಅಕ್ಕ ಕಣ್ಣು ತೆರೆದಳು. ಅವಳ ತುಟಿಯಲ್ಲಿ ನಗುವಿನಂಥದ್ದೇನೋ ಬಂತು.

‘ಈಗ ಅಂದಿ ನೋಡ ಆಯಿ’ ಎಂದಳು.

ಆಯಿಗೆ ಅರ್ಥವಾಗಲಿಲ್ಲ. ನನಗಾಯಿತು. ಇದಾಗಿ ಎಂಟು ಹತ್ತು ದಿನಕ್ಕೆ ಎದೆಯಲ್ಲಿ ಸೋಂಕು ಹಿಡಿದು ಅಕ್ಕ ಹೋದಳು. ಹಾನಗಲ್ಲಿನಲ್ಲೇ ಮಣ್ಣಾಯಿತು. ಹಣೆ ತುಂಬ ವಿಭೂತಿ ಬಳಿದು ಕೂರಿಸಿದ್ದರು. ನೋಡಲು ಬಂದವರು ಕಣ್ಣೊರೆಸಿಕೊಂಡು ತಮ್ಮತಮ್ಮಲ್ಲೇ, ಬಣ್ಣ ನೋಡಿದರೆ ಗುರುತೇ ಸಿಗುವುದಿಲ್ಲ ಎನ್ನುತ್ತಿದ್ದರು. ನನಗೆ ಒಂದು ವರ್ಷದಲ್ಲಿ ಮೊದಲ ಸಲ ಗುರುತು ಸಿಕ್ಕಿತ್ತು.

ತಿಂಗಳ ಮೇಲೆ ಮನೆಯಲ್ಲಿ ಹಾಕಲು ಒಂದು ಫೋಟೋ ಬೇಕೆಂದು ಅಪ್ಪ, ಅವ್ವ, ನಾನು ಶಿಗ್ಗಾಂವಿಯ ಸ್ಟುಡಿಯೋ ಒಂದಕ್ಕೆ ಹೋದೆವು. ಮದುವೆಯ ಫೋಟೋ ಬೇಡ ಎಂದು ನಾನೇ ಹಟ ಹಿಡಿದಿದ್ದೆ. ಊದಿದ ಆ ಮುಖ ಗೋಡೆಯ ಮೇಲೆ ಇರುವುದು ನನ್ನಿಂದ ನೋಡಲಾಗುವುದಿಲ್ಲ ಎಂದಿದ್ದೆ. ನನ್ನ ಮೊಬೈಲಿನಲ್ಲಿ ಅವಳ ಕಾಲೇಜಿನ ಕೊನೆಯ ವರ್ಷದ್ದೊಂದು ಇತ್ತು. ಬಿಸಿಲಲ್ಲಿ ನಿಂತು ಯಾರಿಗೋ ಏನೋ ಹೇಳುತ್ತ ಬಾಯ್ತುಂಬ ನಗುತ್ತಿದ್ದಾಳೆ. ಅಪ್ಪನದೇ ಬಣ್ಣ, ಅಪ್ಪನದೇ ಹಲ್ಲು. ಸ್ಟುಡಿಯೋದವರು ಅದನ್ನು ಕಂಪ್ಯೂಟರಿಗೆ ಹಾಕಿ ದೊಡ್ಡದು ಮಾಡಿ ತೋರಿಸಿದರು. ಅಪ್ಪ ಒಂದು ಸಲ ನೋಡಿ ಹೊರಗೆ ಹೋಗಿ ನಿಂತ.

‘ಸ್ವಲ್ಪ ತಿಳಿ ಮಾಡ್ಲೇನ್ರಿ?’ ಎಂದು ಅವರು ಕೇಳಿದರು. ‘ಎಲ್ಲಾರೂ ಮಾಡಸ್ತಾರ.’

‘ಬ್ಯಾಡ್ರಿ’ ಎಂದೆ ನಾನು. ‘ಹೆಂಗೈತೋ ಹಂಗ ಇರಲಿ.’

‘ನೀ ಸುಮ್ಮನಿರು’ ಎಂದಳು ಅವ್ವ. ಅವಳು ಪರದೆಗೆ ತೀರ ಹತ್ತಿರ ಬಂದು ನಿಂತಿದ್ದಳು. ಕಣ್ಣಲ್ಲಿ ನೀರು ಸುರಿಯುತ್ತಿತ್ತು, ಒರೆಸಿಕೊಳ್ಳುವ ಗೊಡವೆಗೂ ಹೋಗಿರಲಿಲ್ಲ. ಅವರು ಏನೋ ಒತ್ತಿದರು, ಅಕ್ಕನ ಮುಖ ತಿಳಿಯಾಯಿತು. ಅವ್ವ ಸೆರಗಿನ ಚುಂಗಿನಿಂದ ಪರದೆಯ ಮೇಲಿನ ಆ ಕೆನ್ನೆಯನ್ನು ಮೆಲ್ಲಗೆ ಒರೆಸಿದಳು.

‘ಇನ್ನೊಂದ ಸ್ವಲ್ಪ ಮಾಡ್ರಿ’ ಎಂದಳು. ‘ಆಕಿಗೆ ಭಾಳ ಆಸೆ ಇತ್ತರಿ.’